7.2ರ ಕೊನೆಗೆ ಸೊನ್ನೆ ಏಕೆ?

ಪ್ರಶ್ನೆ: 7.2ರಿಂದ 3.45ನ್ನು ಕಳೆಯುವಾಗ ಅನೇಕ ಮಕ್ಕಳು 3.85 ಎಂದು ಬರೆಯುವುದೇಕೆ? ಸರಿಯಾದ ಕ್ರಮವನ್ನು ಕಲಿಸುವುದು ಹೇಗೆ?

ಉತ್ತರ: ಕೊನೆಯ 5ರ ಮೇಲೆ ಯಾವ ಅಂಕಿಯೂ ಕಾಣದಿರುವುದರಿಂದ ಮಗು ಅದನ್ನು ಹಾಗೆಯೇ ಕೆಳಗಿಳಿಸಿ, ಉಳಿದ ಅಂಕಿಗಳನ್ನಷ್ಟೇ ಕಳೆಯುತ್ತದೆ. ದಶಮಾಂಶ ಬಿಂದುವಿನ ಬಲಕ್ಕಿರುವ ಮೊದಲ ಸ್ಥಾನವು ದಶಾಂಶ, ಅಂದರೆ ಒಂದರ ಹತ್ತು ಸಮಭಾಗಗಳಲ್ಲಿ ಒಂದು ಪಾಲು. ಎರಡನೆಯದು ಶತಾಂಶ, ಅಂದರೆ ನೂರು ಸಮಭಾಗಗಳಲ್ಲಿ ಒಂದು ಪಾಲು. ರೂಪಾಯಿಗೆ ನೂರು ಪೈಸೆ ಇರುವುದರಿಂದ ಇದನ್ನು ಹಣದ ಲೆಕ್ಕದಲ್ಲಿ ತೋರಿಸಬಹುದು: 7.2 ಎಂದರೆ 7 ರೂಪಾಯಿ 20 ಪೈಸೆಯೇ ಹೊರತು 7 ರೂಪಾಯಿ 2 ಪೈಸೆಯಲ್ಲವಾದ್ದರಿಂದ, ಅದನ್ನು 7.20 ಎಂದು ಬರೆದರೆ ಬೆಲೆ ಬದಲಾಗದೆ ಖಾಲಿಯಿದ್ದ ಶತಾಂಶ ಸ್ಥಾನವಷ್ಟೇ ತುಂಬುತ್ತದೆ.

ಬಳಿಕ ಬಿಂದುವಿನ ಕೆಳಗೆ ಬಿಂದು ಬರುವಂತೆ ಸಂಖ್ಯೆಗಳನ್ನು ಬರೆದು ಬಲದಿಂದ ಆರಂಭಿಸಬೇಕು. 0 ಶತಾಂಶದಿಂದ 5ನ್ನು ಕಳೆಯಲಾಗದ ಕಾರಣ 2 ದಶಾಂಶಗಳಲ್ಲಿ ಒಂದನ್ನು ಬಿಡಿಸಿ 10 ಶತಾಂಶ ಮಾಡಿಕೊಂಡಾಗ 5 ಉಳಿಯುತ್ತದೆ. ಮಿಕ್ಕ 1 ದಶಾಂಶದಿಂದ 4ನ್ನು ಕಳೆಯಲಾಗದ ಕಾರಣ 7 ಬಿಡಿಗಳಲ್ಲಿ ಒಂದನ್ನು 10 ದಶಾಂಶ ಮಾಡಿ ಸೇರಿಸಿದಾಗ 11ರಲ್ಲಿ 4 ಹೋಗಿ 7 ಉಳಿಯುತ್ತದೆ. 6 ಬಿಡಿಗಳಲ್ಲಿ 3 ಕಳೆದರೆ 3 ಉಳಿದು, ಉತ್ತರ 3.75 ಆಗುತ್ತದೆ. ಇದಕ್ಕೆ 3.45ನ್ನು ಕೂಡಿದರೆ 7.20 ಮರಳಿ ಬರುವುದನ್ನು ಮಗು ತಾನೇ ತಾಳೆ ನೋಡುವಂತೆ ಮಾಡುವುದು ಅತ್ಯಗತ್ಯ. ಏಕೆಂದರೆ ತಪ್ಪನ್ನು ಸ್ವತಃ ಕಂಡುಹಿಡಿಯಬಲ್ಲ ಮಗುವಿಗೆ ಲೆಕ್ಕದ ಭಯ ಕಡಿಮೆಯಾಗಬಹುದು.