ಕಲ್ಲು ಪುಡಿ ಮಾಡಿದ ತರಂಗ ಹಿಮ್ಮಡಿಗೆ ಬಂದ ದಾರಿ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಹೊಸಕೆರೆಹಳ್ಳಿಯಿಂದ ಕತ್ರಿಗುಪ್ಪೆ, ಬನಶಂಕರಿ ಮೂರನೇ ಹಂತದವರೆಗಿನ ರಸ್ತೆಗಳಲ್ಲಿ ಸಿಗುವ ಫಿಸಿಯೋಥೆರಪಿ ಕೇಂದ್ರಗಳ ಫಲಕಗಳಲ್ಲಿ ಅಲ್ಟ್ರಾಸೌಂಡ್, ಐಎಫ್‌ಟಿ, ಟ್ರ್ಯಾಕ್ಷನ್ ಎಂಬ ಹಳೆಯ ಹೆಸರುಗಳ ಸಾಲಿಗೆ ಈಗ ಶಾಕ್‌ವೇವ್ ಕೂಡ ಸೇರಿಕೊಂಡಿದೆ. ತಿಂಗಳುಗಟ್ಟಲೆ ಬಿಡದೆ ಕಾಡುವ ಹಿಮ್ಮಡಿ ನೋವು, ಮೊಣಕೈಯ ಹೊರಬದಿಯಲ್ಲಿ ಹಿಡಿಯುವ ಟೆನಿಸ್ ಎಲ್ಬೋ, ಭುಜದ ಸ್ನಾಯುರಜ್ಜುವಿನಲ್ಲಿ ಸುಣ್ಣ ಕೂಡಿ ಬರುವ ನೋವು, ಹಿಮ್ಮಡಿಯ ಮೇಲಿನ ಅಕಿಲಿಸ್ ರಜ್ಜುವಿನ ಬೇನೆ, ಕತ್ತು-ಬೆನ್ನಿನಲ್ಲಿ ಗಂಟುಗಟ್ಟಿದ ಸ್ನಾಯು, ಇಂಥವಕ್ಕೆಲ್ಲ ಈ ಚಿಕಿತ್ಸೆಯನ್ನು ಸೂಚಿಸುವುದು ರೂಢಿಯಾಗಿದೆ. ನೋವಿರುವ ಜಾಗಕ್ಕೆ ಜೆಲ್ ಸವರಿ, ಪಿಸ್ತೂಲಿನಂಥ ಹಿಡಿಕೆಯನ್ನು ಒತ್ತಿ ಹಿಡಿದು, ಒಂದು ಸರದಿಗೆ ಸುಮಾರು 2,000 ಹೊಡೆತಗಳಂತೆ ವಾರಕ್ಕೊಂದಾಗಿ ಮೂರರಿಂದ ಐದು ಸರದಿ ಕೊಡುವುದು ಸಾಮಾನ್ಯ ಕ್ರಮ. ಸ್ನಾಯುರಜ್ಜು ಎಂದರೆ ಸ್ನಾಯುವನ್ನು ಮೂಳೆಗೆ ಬಿಗಿದು ಹಿಡಿಯುವ ಗಟ್ಟಿ ನಾರಿನ ಹುರಿ. ರಕ್ತ ಸಂಚಾರ ಅಲ್ಲಿ ಕಡಿಮೆಯಾದ್ದರಿಂದ ಅದು ಒಮ್ಮೆ ಕೆಟ್ಟರೆ ಸರಿಹೋಗುವುದೂ ನಿಧಾನ. ಆದರೆ ಈ ಯಂತ್ರ ಹುಟ್ಟಿದ್ದು ರಜ್ಜುವಿನ ನೋವಿಗಾಗಿ ಅಲ್ಲ, ಅದರ ಮೂಲಪುರುಷರು ವೈದ್ಯರೂ ಅಲ್ಲ.

ಸಾಮಾನ್ಯ ಶಬ್ದದ ಅಲೆಯಲ್ಲಿ ಒತ್ತಡ ನಯವಾಗಿ ಏರಿ ಇಳಿಯುತ್ತದೆ. ಶಾಕ್‌ವೇವ್ ಎಂದರೆ ಆಘಾತ ತರಂಗ; ಅದರಲ್ಲಿ ಒತ್ತಡ ಸೆಕೆಂಡಿನ ಕೋಟಿಯ ಭಾಗದಷ್ಟು ಅಲ್ಪ ಕಾಲದಲ್ಲಿ ಗೋಡೆಯಂತೆ ನೆಟ್ಟಗೆ ಏರಿ, ಮರುಕ್ಷಣವೇ ಕುಸಿದು, ಸುತ್ತಲಿನ ಒತ್ತಡಕ್ಕಿಂತಲೂ ಕೆಳಗಿಳಿಯುತ್ತದೆ. ಶಬ್ದವನ್ನು ಮೀರಿದ ವೇಗದಲ್ಲಿ ಹಾರುವ ಗುಂಡಿನ ಮೂತಿಯಲ್ಲಿ ಇಂಥ ತರಂಗ ಏಳುವುದನ್ನು ಅರ್ನ್ಸ್ಟ್ ಮ್ಯಾಕ್ ಮತ್ತು ಪೀಟರ್ ಸಾಲ್ಷರ್ 1887ರಲ್ಲಿ ಛಾಯಾಚಿತ್ರಗಳ ಮೂಲಕ ತೋರಿಸಿದರು. ಆ ವಿದ್ಯೆ ಮುಂದೆ ಫಿರಂಗಿ, ಕ್ಷಿಪಣಿ, ವಿಮಾನಗಳ ಜೊತೆಯಲ್ಲೇ ಬೆಳೆಯಿತು. ಬೆಂಗಳೂರಿಗೂ ಅದು ಬಂದದ್ದು ಆ ದಾರಿಯಿಂದಲೇ. ಹಳೆಯ ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ವೈಮಾನಿಕ ವಿಭಾಗದಲ್ಲಿ ಪ್ರೊ. ಎನ್.ಎಂ. ರೆಡ್ಡಿ ಅವರು 1970ರ ದಶಕದ ಆರಂಭದಲ್ಲಿ ಹೈಪರ್‌ಸಾನಿಕ್ ಆಘಾತ ಸುರಂಗವನ್ನು, ಅಂದರೆ ಶಬ್ದದ ಹಲವು ಪಟ್ಟು ವೇಗದ ಗಾಳಿಯನ್ನು ಕ್ಷಣಮಾತ್ರ ಹರಿಸಿ ಮಾದರಿಗಳನ್ನು ಪರೀಕ್ಷಿಸುವ ಕೊಳವೆಯನ್ನು, ಕಟ್ಟಿದರು. ಆ ಪರಂಪರೆಯನ್ನು ಕೆ.ಪಿ.ಜೆ. ರೆಡ್ಡಿ, ಜಿ. ಜಗದೀಶ್ ಮುಂತಾದವರು ಮುಂದುವರಿಸಿದರು, ಮತ್ತು 2005ರ ಜುಲೈನಲ್ಲಿ ಆಘಾತ ತರಂಗಗಳ 25ನೆಯ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು. ಕೈಯಿಂದ ದೂಡುವ ಕೊಂತದಿಂದ ಗಾಳಿಯನ್ನು ಅದುಮಿ, ತೆಳುವಾದ ತಡೆಪೊರೆಯನ್ನು ಹರಿದು, ಶಬ್ದದ ಎರಡು ಪಟ್ಟು ವೇಗದ ತರಂಗವನ್ನು ಹುಟ್ಟಿಸುವ ಪುಟ್ಟ ಕೊಳವೆಯೊಂದನ್ನು ಕೆ.ಪಿ.ಜೆ. ರೆಡ್ಡಿ ರೂಪಿಸಿದರು; ಅದಕ್ಕೆ ರೆಡ್ಡಿ ಟ್ಯೂಬ್ ಎಂದೇ ಹೆಸರಾಗಿದೆ.

ಇದೇ ಸಂಸ್ಥೆಯಲ್ಲಿ ಆಘಾತ ತರಂಗ ಜೀವವಿಜ್ಞಾನದ ಕಡೆಗೂ ಹೊರಳಿತು. ಒಳಗೋಡೆಗೆ ತೆಳುವಾಗಿ ಸ್ಫೋಟಕ ಲೇಪಿಸಿದ ಪಾಲಿಮರ್ ಕೊಳವೆಯನ್ನು ಸಿಡಿಸಿ, ಆ ಅಲೆಯ ಬಲದಿಂದ ಸೂಜಿಯಿಲ್ಲದೆ ಇಲಿಗಳ ಚರ್ಮದೊಳಕ್ಕೆ ಲಸಿಕೆ ಹೊಗಿಸಬಹುದೆಂಬುದನ್ನು ಜಗದೀಶ್ ಮತ್ತು ಸೂಕ್ಷ್ಮಜೀವಿ ವಿಜ್ಞಾನಿ ದೀಪಶಿಖಾ ಚಕ್ರವರ್ತಿ ಅವರ ತಂಡ 2011ರಲ್ಲಿ ಪ್ರಕಟಿಸಿತು. ಬ್ಯಾಕ್ಟೀರಿಯಾಗಳು ಲೋಳೆಯ ಪದರ ಕಟ್ಟಿಕೊಂಡು ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದಂತಾದಾಗ ಆ ಪದರವನ್ನು ತರಂಗದಿಂದ ಚದುರಿಸಿ ಔಷಧಿಗೆ ದಾರಿ ಮಾಡಿಕೊಡಬಹುದೆಂಬ ಪ್ರಯೋಗದ ಫಲಿತಾಂಶ 2015ರಲ್ಲಿ ಹೊರಬಂತು. ಆದರೂ ಹೊಸಕೆರೆಹಳ್ಳಿಯ ಕ್ಲಿನಿಕ್ಕಿನ ಯಂತ್ರದ ವಂಶಾವಳಿ ಊರಿನ ಇನ್ನೊಂದು ಬದಿಯಲ್ಲಿರುವ ಈ ಸಂಸ್ಥೆಗೆ ಸೇರುವುದಿಲ್ಲ. ಅದರ ಬೇರು ಜರ್ಮನಿಯಲ್ಲಿದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ನೀರೊಳಗೆ ಸಿಡಿದ ಬಾಂಬುಗಳಿಂದ, ಮೈಮೇಲೆ ಗಾಯವೇ ಇಲ್ಲದೆ ಶ್ವಾಸಕೋಶ ಛಿದ್ರವಾಗಿ ನಾವಿಕರು ಸತ್ತದ್ದು ವೈದ್ಯರ ಗಮನಕ್ಕೆ ಬಂದಿತ್ತು. ದೇಹದ ಮೆದು ಭಾಗಗಳು ಬಹುಮಟ್ಟಿಗೆ ನೀರಿನಂತೆಯೇ ಇರುವುದರಿಂದ ತರಂಗ ಅವುಗಳನ್ನು ಸಲೀಸಾಗಿ ಹಾದುಹೋಗುತ್ತದೆ, ಗಾಳಿಯೋ ಕಲ್ಲೋ ಮೂಳೆಯೋ ಎದುರಾದ ಕಡೆ ಮಾತ್ರ ತನ್ನ ಶಕ್ತಿಯನ್ನು ಸುರಿಯುತ್ತದೆ ಎಂಬುದು ಅದರ ಒಳಗಿನ ತತ್ತ್ವ. ಜರ್ಮನಿಯ ಫ್ರೀಡ್ರಿಕ್‌ಸ್‌ಹಾಫೆನ್‌ನಲ್ಲಿದ್ದ ಡಾರ್ನಿಯರ್ ವಿಮಾನ ಕಂಪನಿ 1960ರ ದಶಕದಲ್ಲಿ ಶಬ್ದಾತೀತ ವೇಗದ ವಿಮಾನಗಳಿಗೆ ಮಳೆಹನಿ ಬಡಿದಾಗ ಲೋಹಕ್ಕೆ ಆಗುವ ಹಾನಿಯನ್ನು ಅಭ್ಯಸಿಸುತ್ತಿತ್ತು. 1966ರಲ್ಲಿ, ಅತಿವೇಗದ ಗುಂಡು ಬಡಿದ ಕ್ಷಣದಲ್ಲೇ ಗುರಿಹಲಗೆಯನ್ನು ಮುಟ್ಟಿಕೊಂಡಿದ್ದ ನೌಕರನೊಬ್ಬನಿಗೆ ವಿದ್ಯುತ್ ಹೊಡೆದಂತಾಯಿತು, ಆದರೆ ಅಳೆದು ನೋಡಿದರೆ ಅಲ್ಲಿ ವಿದ್ಯುತ್ತೇ ಇರಲಿಲ್ಲ. ತರಂಗ ಲೋಹದಿಂದ ಕೈಗೆ ದಾಟಿತ್ತು. ಈ ಸಣ್ಣ ಘಟನೆಯ ಬೆನ್ನು ಹತ್ತಿದ ಸಂಶೋಧನೆಗೆ ಮೊದಲು ಹಣ ಕೊಟ್ಟದ್ದು ಜರ್ಮನಿಯ ರಕ್ಷಣಾ ಇಲಾಖೆ. ಮೂತ್ರಪಿಂಡದ ಕಲ್ಲನ್ನು ಹೊರಗಿನಿಂದಲೇ ಒಡೆಯಬಹುದೆಂಬ ಯೋಚನೆ ಹೊಳೆದದ್ದು ಆಮೇಲೆ.

ಕ್ರಿಶ್ಚಿಯನ್ ಶೌಸಿ ಮತ್ತು ಸಂಗಡಿಗರು 1980ರ ಫೆಬ್ರುವರಿ 7ರಂದು ಮ್ಯೂನಿಕ್‌ನಲ್ಲಿ ಮೊದಲ ರೋಗಿಗೆ ಈ ಚಿಕಿತ್ಸೆ ಕೊಟ್ಟರು. ಅರಿವಳಿಕೆ ಕೊಟ್ಟ ರೋಗಿಯನ್ನು ನೀರು ತುಂಬಿದ ತೊಟ್ಟಿಯಲ್ಲಿ ಇಳಿಬಿಟ್ಟು, ಅಂಡಾಕಾರದ ಪ್ರತಿಫಲಕದ ಒಂದು ನಾಭಿಯಲ್ಲಿ (ಫೋಕಸ್) ವಿದ್ಯುತ್ ಕಿಡಿ ಸಿಡಿಸಿ, ಅಲ್ಲಿ ಎದ್ದ ತರಂಗ ಇನ್ನೊಂದು ನಾಭಿಯಲ್ಲಿರುವ ಕಲ್ಲಿನ ಮೇಲೆ ಕೂಡುವಂತೆ ಮಾಡುವುದು ಅಂದಿನ ವಿಧಾನವಾಗಿತ್ತು. ಅಲ್ಲಿಯವರೆಗೆ ಹೊಟ್ಟೆ ಕೊಯ್ದು ತೆಗೆಯಬೇಕಾಗಿದ್ದ ಕಲ್ಲು ಪುಡಿಯಾಗಿ ಮೂತ್ರದಲ್ಲಿ ಹೋಗತೊಡಗಿದ್ದು ಶಸ್ತ್ರವೈದ್ಯದ ಚರಿತ್ರೆಯಲ್ಲಿ ದೊಡ್ಡ ತಿರುವು. 1984ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆಯ ಒಪ್ಪಿಗೆಯೂ ಸಿಕ್ಕಿತು.

ಮೂಳೆಯ ಸರದಿ ಬಂದದ್ದು ಮತ್ತೊಂದು ಆಕಸ್ಮಿಕದಿಂದ. ಮೂತ್ರನಾಳದ ಕೆಳಭಾಗದ ಕಲ್ಲಿಗೆ ತರಂಗ ಹಾಯಿಸಿದಾಗ ಅದು ಸೊಂಟದ ಮೂಳೆಯನ್ನು ಹಾದು ಹೋಗಬೇಕಾಗುತ್ತಿತ್ತು, ಮತ್ತು ಹಾಗೆ ಹಾದ ಜಾಗದಲ್ಲಿ ಮೂಳೆ ಸವೆಯುವ ಬದಲು ದಪ್ಪಗಾಗಿರುವುದು ಎಕ್ಸ್-ರೇಗಳಲ್ಲಿ ಕಂಡುಬಂತು. ಒಡೆಯಲೆಂದು ಕಳಿಸಿದ ಅಲೆ ಕಟ್ಟುವ ಕೆಲಸಕ್ಕೆ ಕೋಶಗಳನ್ನು ಕೆಣಕಿತ್ತು. ಈ ಚಿಕಿತ್ಸೆಯ ಕಥೆಯಲ್ಲಿ ನಿಜವಾದ ತಿರುವು ಮ್ಯೂನಿಕ್‌ನದಲ್ಲ, ಇದೇ ಎನ್ನಬೇಕು. ಬಲ್ಗೇರಿಯಾದ ವಾಲ್ಚಾನೊವ್ ಮತ್ತು ಮಿಖೈಲೊವ್ ಕೂಡದೆ ಉಳಿದ ಮುರಿತಗಳಿದ್ದ 82 ರೋಗಿಗಳಿಗೆ ತರಂಗ ಕೊಟ್ಟು, 70 ಜನರಲ್ಲಿ ಮೂಳೆ ಕೂಡಿತೆಂದು 1991ರಲ್ಲಿ ವರದಿ ಮಾಡಿದರು. ಹೋಲಿಸಿ ನೋಡಲು ಚಿಕಿತ್ಸೆ ಪಡೆಯದವರ ಗುಂಪೊಂದು ಇರಲಿಲ್ಲವೆಂಬುದನ್ನು ಮರೆಯುವಂತಿಲ್ಲ. ಅದೇ ದಶಕದಲ್ಲಿ ಭುಜದ ಸುಣ್ಣ, ಮೊಣಕೈ, ಹಿಮ್ಮಡಿಗಳು ಒಂದಾದ ಮೇಲೊಂದರಂತೆ ಪಟ್ಟಿಗೆ ಸೇರಿದವು. ಭುಜದ ಸುಣ್ಣ ಮೊದಲ ಸಾಲಿನಲ್ಲಿದ್ದದ್ದು ಸಹಜವೇ, ಏಕೆಂದರೆ ಅಲ್ಲಿಯೂ ಒಡೆಯಲು ಏನೋ ಇದೆ ಎಂಬ ಮೂತ್ರಪಿಂಡದ ತರ್ಕ ಕೆಲಸ ಮಾಡುತ್ತಿತ್ತು. ಹಿಮ್ಮಡಿ ನೋವಿಗೆ ಅಮೆರಿಕದ ಒಪ್ಪಿಗೆ ದೊರೆತದ್ದು 2000ದಲ್ಲಿ.

ಇಂದು ಬಡಾವಣೆಗಳ ಕ್ಲಿನಿಕ್ಕುಗಳಲ್ಲಿ ಹೆಚ್ಚಾಗಿ ಕಾಣುವ ಯಂತ್ರದ ಹಿಂದೆ ಇನ್ನೊಂದು ಕವಲು ಇದೆ. ದೇಹದೊಳಗೆ ಸಣ್ಣ ಲೋಹದ ಕಡ್ಡಿಯನ್ನು ತೂರಿಸಿ, ಅದರ ಹಿಂಬದಿಗೆ ಅದುಮಿದ ಗಾಳಿಯಿಂದ ಚಿಮ್ಮುವ ತುಣುಕೊಂದನ್ನು ಬಡಿಸಿ, ಆ ಪೆಟ್ಟಿನಿಂದ ಮೂತ್ರದ ಕಲ್ಲನ್ನು ಒಡೆಯುವ ಲಿಥೋಕ್ಲಾಸ್ಟ್ ಎಂಬ ಉಪಕರಣವನ್ನು ಸ್ವಿಟ್ಜರ್ಲೆಂಡ್‌ನ ಇಎಂಎಸ್ ಕಂಪನಿ ತಯಾರಿಸುತ್ತಿತ್ತು. ಅದೇ ತತ್ತ್ವವನ್ನು ಚರ್ಮದ ಮೇಲಿಂದ ಬಳಸುವಂತೆ ಬದಲಿಸಿದ ಯಂತ್ರ 1990ರ ದಶಕದ ಕೊನೆಗೆ ಬಂತು: ಹಿಡಿಕೆಯ ಕೊಳವೆಯೊಳಗೆ ಕೆಲವು ಬಾರ್ ಒತ್ತಡದ ಗಾಳಿ ಲೋಹದ ಗುಂಡನ್ನು ತಳ್ಳುತ್ತದೆ, ಅದು ತುದಿಯ ಬಿಲ್ಲೆಗೆ ಬಡಿಯುತ್ತದೆ, ಆ ಪೆಟ್ಟು ಚರ್ಮದಿಂದ ಒಳಕ್ಕೆ ಹರಡುತ್ತದೆ. ಇದಕ್ಕೆ ರೇಡಿಯಲ್ ಎಂಬ ವಿಶೇಷಣ. ತರಂಗ ಒಂದು ಬಿಂದುವಿನಲ್ಲಿ ಕೂಡುವುದಿಲ್ಲ. ಬಿಲ್ಲೆಯ ತುದಿಯಲ್ಲೇ ಅದರ ಶಕ್ತಿ ಅತಿ ಹೆಚ್ಚು, ಒಳಗೆ ಹೋದಂತೆ ಕುಗ್ಗುತ್ತ ಹೋಗುತ್ತದೆ. ರಾಬಿನ್ ಕ್ಲೀವ್‌ಲ್ಯಾಂಡ್ ಮತ್ತು ಸಂಗಡಿಗರು 2007ರಲ್ಲಿ ಇಂಥ ಯಂತ್ರವನ್ನು ಅಳೆದು ನೋಡಿದಾಗ ಮ್ಯಾಕ್ ತೋರಿಸಿದ ಬಗೆಯ ದಿಢೀರ್ ಜಿಗಿತ ಅದರ ಅಲೆಯಲ್ಲಿ ಕಾಣಲಿಲ್ಲ. ಭೌತಶಾಸ್ತ್ರದ ಲೆಕ್ಕದಲ್ಲಿ ಅದು ಒತ್ತಡದ ಅಲೆ ಮಾತ್ರ. ಹಾಗೆಂದು ಅದು ನಿಷ್ಪ್ರಯೋಜಕವೆಂದಾಗದು, ಹಿಮ್ಮಡಿಯಂಥ ಮೇಲ್ಪದರದ ತೊಂದರೆಗೆ ಅದರ ಪರವಾಗಿಯೂ ಪ್ರಯೋಗಗಳಿವೆ. ಆದರೆ ಆಳದ ಅಂಗಾಂಶದ ಮೇಲೆ ನಾಭಿ ಕೂಡಿಸುವ ಯಂತ್ರದ ಫಲಿತಾಂಶವನ್ನು ಇದರ ಜಾಹೀರಾತಿಗೆ ಅಂಟಿಸುವುದು ಸರಿಯಲ್ಲ, ಹಣ ಕೊಡುವ ಮುನ್ನ ಯಂತ್ರ ಯಾವ ಬಗೆಯದೆಂದು ಕೇಳುವ ಹಕ್ಕು ರೋಗಿಗೆ ಇದ್ದೇ ಇದೆ.

ಒಡೆಯಲು ಕಲ್ಲೇ ಇಲ್ಲದ ಹಿಮ್ಮಡಿಯಲ್ಲಿ ಈ ಪೆಟ್ಟು ಏನು ಮಾಡುತ್ತದೆ? ದೀರ್ಘಕಾಲದ ರಜ್ಜುನೋವಿನಲ್ಲಿ ಉರಿಯೂತಕ್ಕಿಂತ ಹೆಚ್ಚಾಗಿ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಅಸ್ತವ್ಯಸ್ತಗೊಂಡು ದುರಸ್ತಿ ಅರ್ಧಕ್ಕೇ ನಿಂತಿರುತ್ತದೆ. ಕೋಶಗಳು ಯಾಂತ್ರಿಕ ಒತ್ತಡವನ್ನು ಗುರುತಿಸಿ ಅದನ್ನು ರಾಸಾಯನಿಕ ಸಂಕೇತವಾಗಿ ಬದಲಿಸಬಲ್ಲವಾದ್ದರಿಂದ, ಹೊಡೆತ ಆ ನಿಂತ ದುರಸ್ತಿಯನ್ನು ಮತ್ತೆ ಎಬ್ಬಿಸುತ್ತದೆಂಬುದು ಒಂದು ವಿವರಣೆ. ತೈವಾನಿನ ವಾಂಗ್ ಮತ್ತು ಸಂಗಡಿಗರು 2003ರಲ್ಲಿ ಮೊಲಗಳ ರಜ್ಜು ಮೂಳೆಗೆ ಸೇರುವ ಜಾಗದಲ್ಲಿ ಹೊಸ ರಕ್ತನಾಳಗಳು ಮೂಡಿದ್ದನ್ನು ತೋರಿಸಿದ್ದು ಅದಕ್ಕೆ ಬಲ ಕೊಟ್ಟಿತು. ನೋವಿನ ಸುದ್ದಿ ಒಯ್ಯುವ ನರತುದಿಗಳನ್ನು ಅದು ಕೆಲಕಾಲ ಮಂಕಾಗಿಸುತ್ತದೆಂಬುದು ಇನ್ನೊಂದು ವಿವರಣೆ. ಎರಡೂ ಅರ್ಧಂಬರ್ಧ ಸಿದ್ಧವಾದವು. ಬಳಕೆ ಮುಂದೆ ಓಡಿ ವಿವರಣೆ ಹಿಂದೆ ಬರುವುದು ಈ ಚಿಕಿತ್ಸೆಯ ಜಾಯಮಾನವೇ ಆಗಿಬಿಟ್ಟಿದೆ.

ಫಲದ ವಿಚಾರದಲ್ಲಿ ವಿದ್ವಾಂಸರ ಜಗಳ ಇಪ್ಪತ್ತು ವರ್ಷ ದಾಟಿದೆ. 2002ರಲ್ಲಿ ಆಸ್ಟ್ರೇಲಿಯಾದ ರೇಚಲ್ ಬುಕ್‌ಬೈಂಡರ್ ತಂಡ ಹಿಮ್ಮಡಿ ನೋವಿನ 166 ಜನರನ್ನು ಪರೀಕ್ಷಿಸಿ, ನಿಜವಾದ ತರಂಗಕ್ಕೂ ತೋರಿಕೆಯ ತರಂಗಕ್ಕೂ ವ್ಯತ್ಯಾಸ ಕಾಣಲಿಲ್ಲವೆಂದಿತು. ಮರುವರ್ಷ ಜರ್ಮನಿಯ ಹಾಕೆ ಮತ್ತು ಸಂಗಡಿಗರ 272 ಜನರ ಅಧ್ಯಯನದಲ್ಲಿ ಹನ್ನೆರಡು ವಾರಗಳ ನಂತರ ಗುಣ ಕಂಡವರು ತರಂಗ ಪಡೆದ ಗುಂಪಿನಲ್ಲಿ ಶೇ 34, ತೋರಿಕೆಯ ಗುಂಪಿನಲ್ಲಿ ಶೇ 30. ವರ್ಷ ಕಳೆದ ಮೇಲಿನ ಅಂಕಿ ಇನ್ನೂ ಸ್ವಾರಸ್ಯಕರ: ಶೇ 81 ಮತ್ತು ಶೇ 76. ಅಂದರೆ ಏನು ಮಾಡಿದರೂ, ಮಾಡದಿದ್ದರೂ ಬಹುಪಾಲು ಹಿಮ್ಮಡಿಗಳು ವರ್ಷದೊಳಗೆ ಸುಧಾರಿಸುತ್ತವೆ, ಮತ್ತು ಆ ಸುಧಾರಣೆಯ ಯಶಸ್ಸು ಆ ಹೊತ್ತಿಗೆ ಕೈಯಲ್ಲಿದ್ದ ಚಿಕಿತ್ಸೆಗೆ ಸಲ್ಲುತ್ತದೆ. ಆದರೆ ಹಾಕೆ ಅವರ ಪ್ರಯೋಗದಲ್ಲಿ ಎಲ್ಲರಿಗೂ ಸ್ಥಳೀಯ ಅರಿವಳಿಕೆ ಕೊಡಲಾಗಿತ್ತು. ಅರಿವಳಿಕೆಯೇ ತರಂಗದ ಪರಿಣಾಮವನ್ನು ತಗ್ಗಿಸುತ್ತದೆಂದು ಯಾನ್ ರೋಂಪೆ ತಂಡ 2005ರಲ್ಲಿ ತೋರಿಸಿತು. ಭುಜದ ಸುಣ್ಣದ ವಿಷಯದಲ್ಲಿ ಗೆರ್ಡೆಸ್ಮೆಯರ್ ತಂಡ 2003ರಲ್ಲಿ 144 ರೋಗಿಗಳ ಮೇಲೆ ನಡೆಸಿದ ಪ್ರಯೋಗ ಅನುಕೂಲಕರವಾಗಿತ್ತು, ಹೆಚ್ಚಿನ ಶಕ್ತಿಯ ತರಂಗ ಕಡಿಮೆ ಶಕ್ತಿಯದಕ್ಕಿಂತ ಮೇಲೆನಿಸಿತು. ಹಾಗಿದ್ದೂ 2020ರ ಕೊಕ್ರೇನ್ ಸಮೀಕ್ಷೆ ಭುಜದ ರಜ್ಜುಗಳ ಎಲ್ಲ ಪ್ರಯೋಗಗಳನ್ನು ಒಟ್ಟಿಗೆ ತೂಗಿ, ರೋಗಿಗೆ ಅನುಭವಕ್ಕೆ ಬರುವಂಥ ಲಾಭ ಅಲ್ಪವೆಂದೇ ತೀರ್ಮಾನಿಸಿತು.

ಈ ಜಗಳದ ನಡುವೆ ಹೆಚ್ಚು ಉಪಯುಕ್ತವಾದ ಮಾತು ಬಂದದ್ದು ಯಂತ್ರವೇ ಇಲ್ಲದ ಕಡೆಯಿಂದ. ಸ್ವೀಡನ್ನಿನ ಮೂಳೆತಜ್ಞ ಹೋಕನ್ ಆಲ್ಫ್ರೆಡ್ಸನ್ ಅಕಿಲಿಸ್ ರಜ್ಜುವಿಗೆ ಹೊರೆ ಕೊಟ್ಟು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮವನ್ನು ದಿನಕ್ಕೆರಡು ಬಾರಿ ಹನ್ನೆರಡು ವಾರ ಮಾಡಿಸಿ, ಅದರ ಫಲಿತಾಂಶವನ್ನು 1998ರಲ್ಲಿ ಪ್ರಕಟಿಸಿದರು. ಇದೇ ನೋವಿದ್ದ ಅವರು ರಜ್ಜು ಹರಿದರೆ ಶಸ್ತ್ರಚಿಕಿತ್ಸೆಯಾದರೂ ಸಿಕ್ಕೀತೆಂದು ಬೇಕೆಂದೇ ಹೊರೆ ಹೇರಿದ್ದರಂತೆ. ರಜ್ಜು ಹರಿಯಲಿಲ್ಲ, ನೋವು ಹೋಯಿತು. ರೋಂಪೆ ತಂಡ 2009ರಲ್ಲಿ ಈ ವ್ಯಾಯಾಮವನ್ನೂ ತರಂಗವನ್ನೂ ಕೂಡಿಸಿ ನೋಡಿದಾಗ, ವ್ಯಾಯಾಮ ಮಾತ್ರ ಮಾಡಿದ 34 ಜನರಲ್ಲಿ 19 ಮಂದಿ ಗುಣ ಕಂಡರೆ ಎರಡನ್ನೂ ಪಡೆದ 34 ಜನರಲ್ಲಿ 28 ಮಂದಿ ಗುಣ ಕಂಡರು. ಹೀಗಾಗಿ ತರಂಗಕ್ಕೆ ನ್ಯಾಯವಾಗಿ ಸಲ್ಲುವ ಜಾಗ ವ್ಯಾಯಾಮದ ಪಕ್ಕದ್ದೇ ಹೊರತು ಅದರ ಬದಲಿಗೆ ಅಲ್ಲ. ಯಂತ್ರದ ಪ್ಯಾಕೇಜು ಮಾತ್ರ ಕೊಟ್ಟು, ಹಿಮ್ಮಡಿ ಇಳಿಸುವ ಅಭ್ಯಾಸವನ್ನು ಕಲಿಸದೆ ಕಳಿಸುವ ಕೇಂದ್ರ ಅರ್ಧ ಚಿಕಿತ್ಸೆಯನ್ನಷ್ಟೇ ಮಾರುತ್ತಿದೆ.

ಯಾರಿಗೆ ಕೊಡಬಾರದೆಂಬುದು ಮಾತ್ರ ಬಹುಮಟ್ಟಿಗೆ ಇತ್ಯರ್ಥವಾದ ವಿಷಯ: ಹೊಡೆತ ಬೀಳುವ ಜಾಗದಲ್ಲಿ ಕ್ಯಾನ್ಸರ್ ಗಡ್ಡೆ ಅಥವಾ ಭ್ರೂಣ ಇದ್ದರೆ ಯಾವ ಬಗೆಯ ತರಂಗವೂ ಸಲ್ಲದು, ಹೆಚ್ಚಿನ ಶಕ್ತಿಯದಾದರೆ ದಾರಿಯಲ್ಲಿ ಶ್ವಾಸಕೋಶವಾಗಲಿ ಮಿದುಳು, ಬೆನ್ನುಹುರಿಗಳಾಗಲಿ ಮಕ್ಕಳ ಬೆಳೆಯುವ ಮೂಳೆತುದಿಗಳಾಗಲಿ ಇರಕೂಡದು, ರಕ್ತ ಹೆಪ್ಪುಗಟ್ಟುವ ತೀವ್ರ ದೋಷವೂ ಇರಬಾರದು. ನೋವು ಕೆಲವು ದಿನ ಮಂಕಾಗುವುದರಲ್ಲೂ ಒಂದು ಅಪಾಯವಿದೆ, ಏಕೆಂದರೆ ನೋವು ತಿಳಿಯದಿದ್ದಾಗ ಕೆಟ್ಟ ರಜ್ಜುವಿನ ಮೇಲೆ ಮಿತಿಮೀರಿ ಹೊರೆ ಬೀಳುತ್ತದೆ. ಹಲವು ದೇಶಗಳ ಕುದುರೆ ರೇಸಿನ ಅಧಿಕಾರಿಗಳು ತರಂಗ ಪಡೆದ ಕುದುರೆಯನ್ನು ಮುಂದಿನ ಕೆಲವು ದಿನ ಓಡಿಸಬಾರದೆಂದು ನಿಯಮ ಮಾಡಿರುವುದು ಈ ಕಾರಣಕ್ಕಾಗಿಯೇ. ಶನಿವಾರ ಹಿಮ್ಮಡಿಗೆ ಹೊಡೆತ ಹಾಕಿಸಿಕೊಂಡು ಭಾನುವಾರ ಬೆಳಿಗ್ಗೆ ಹತ್ತು ಕಿಲೋಮೀಟರ್ ಓಡಲು ಹೊರಡುವವರಿಗೆ ಅಂಥ ನಿಯಮ ಯಾವುದೂ ಇಲ್ಲ. ಅದನ್ನು ಬಾಯಿಬಿಟ್ಟು ಹೇಳಬೇಕಾದವರು ಹಿಡಿಕೆ ಹಿಡಿದ ಫಿಸಿಯೋಥೆರಪಿಸ್ಟೇ.