ಅಂಬಾರಿಯ ತಂಡಕ್ಕೆ ಹೊಸಬರನ್ನು ಆರಿಸುವುದು ಹೇಗೆ?

ಅತಿಮಾನುಷ ವೀರರ ಕಥೆಗಳನ್ನು ನೀವೆಲ್ಲ ಓದಿರುತ್ತೀರಿ, ಕಿರುತೆರೆಯಲ್ಲಿ ನೋಡಿಯೂ ಇರುತ್ತೀರಿ. 1963ರಲ್ಲಿ ಅಮೆರಿಕದಲ್ಲಿ ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಸೃಷ್ಟಿಸಿದ ‘ಎಕ್ಸ್-ಮೆನ್’ ಚಿತ್ರಕಥೆಯಲ್ಲಿ ಇಂಥ ವೀರರಿಗಾಗಿ ಒಂದು ಶಾಲೆಯೇ ಇದೆ. ಅಸಾಧಾರಣ ಶಕ್ತಿಯುಳ್ಳವರ ತಂಡಕ್ಕೆ ಹೊಸಬನೊಬ್ಬನನ್ನು ಸೇರಿಸಿಕೊಳ್ಳಬೇಕಾದರೆ ಏನನ್ನು ಪರೀಕ್ಷಿಸಬೇಕು? ಅವನನ್ನು ಹೇಗೆ ತರಬೇತುಗೊಳಿಸಬೇಕು? ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ಮೈಸೂರಿನ ದಸರಾ ಗಜಪಡೆ ಪ್ರತಿ ವರ್ಷವೂ ಈ ಪ್ರಶ್ನೆಯನ್ನು ಎದುರಿಸುತ್ತದೆ.

ಮೊದಲು ಕೆಲಸ ಎಂಥದೆಂಬುದನ್ನು ನೋಡೋಣ. ವಿಜಯದಶಮಿಯಂದು ಸುಮಾರು 750 ಕಿಲೋಗ್ರಾಂ ತೂಕದ ಚಿನ್ನದ ಅಂಬಾರಿಯನ್ನು ಹೊತ್ತು ಅರಮನೆಯಿಂದ ಬನ್ನಿಮಂಟಪದವರೆಗೆ, ಅಂದರೆ ಸುಮಾರು 5 ಕಿಲೋಮೀಟರ್, ಸಾಗಬೇಕು. ಇಕ್ಕೆಲಗಳಲ್ಲಿ ಲಕ್ಷಾಂತರ ಜನ, ವಾದ್ಯಗಳ ಅಬ್ಬರ, ಜೊತೆಗೆ 21 ಕುಶಾಲತೋಪುಗಳ ಸಿಡಿತ. ಐದು ಟನ್ ತೂಗುವ ಸಲಗನಿಗೆ ಭಾರ ಹೊರುವುದು ಅಸಾಧ್ಯವೇನಲ್ಲ. ಗದ್ದಲದ ನಡುವೆ ಶಾಂತವಾಗಿರುವುದೇ ಕಷ್ಟ.

ಆದ್ದರಿಂದಲೇ ಆಯ್ಕೆಯಲ್ಲಿ ಗಾತ್ರಕ್ಕಿಂತ ಸ್ವಭಾವಕ್ಕೆ ಹೆಚ್ಚಿನ ಬೆಲೆ. ದಸರೆಗೆ ಮುಂಚೆಯೇ ಅರಣ್ಯಾಧಿಕಾರಿಗಳು ಮತ್ತು ಪಶುವೈದ್ಯರು ಮತ್ತಿಗೋಡು, ದುಬಾರೆ, ಬಳ್ಳೆ ಮೊದಲಾದ ಶಿಬಿರಗಳಿಗೆ ಹೋಗಿ ಆನೆಗಳನ್ನು ಪರಿಶೀಲಿಸುತ್ತಾರೆ. ಆರೋಗ್ಯ ಹೇಗಿದೆ, ಮದವೇರುವ ಲಕ್ಷಣಗಳಿವೆಯೇ, ಮಾವುತನ ಮಾತನ್ನು ಕೇಳುತ್ತದೆಯೇ, ಇತರ ಆನೆಗಳೊಡನೆ ಹೊಂದಿಕೊಳ್ಳುತ್ತದೆಯೇ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಹೆಣ್ಣಾನೆಗಳ ಗರ್ಭಪರೀಕ್ಷೆಯೂ ಮುಖ್ಯ. 2022ರ ಸೆಪ್ಟೆಂಬರಿನಲ್ಲಿ ತಂಡದ ಲಕ್ಷ್ಮಿ ಎಂಬ ಆನೆ ಅರಮನೆಯ ಆವರಣದಲ್ಲೇ ಮರಿ ಹಾಕಿತು. ಮರಿಗೆ ಶ್ರೀ ದತ್ತಾತ್ರೇಯ ಎಂದು ಹೆಸರಿಟ್ಟರು. ಊರಿಗೆ ಸಂತೋಷವೇ ಆಯಿತೆನ್ನಿ. ಆದರೆ ಪರೀಕ್ಷೆ ಎಷ್ಟು ಎಚ್ಚರಿಕೆಯಿಂದ ನಡೆಯಬೇಕೆಂಬ ಪಾಠವೂ ಅದರಲ್ಲಿತ್ತು.

ಎರಡನೆಯ ಅಂಶ, ತಂಡದಲ್ಲಿ ಎಲ್ಲರೂ ನಾಯಕರಲ್ಲ. ಇತ್ತೀಚಿನ ವರ್ಷಗಳಲ್ಲಿ 14 ಆನೆಗಳು ಬರುತ್ತಿದ್ದು, ಅಂಬಾರಿ ಹೊರುವುದು ಒಂದೇ. ಅದರ ಎರಡೂ ಪಕ್ಕಗಳಲ್ಲಿ ಕುಮ್ಕಿ ಹೆಣ್ಣಾನೆಗಳು ಹೆಜ್ಜೆ ಹಾಕುತ್ತವೆ. ಇವು ಜೊತೆಗಿದ್ದರೆ ಗಂಡಾನೆ ಗಾಬರಿಗೊಳ್ಳುವುದು ಕಡಿಮೆ. ಮುಂದೆ ಸಾಗುವ ನಿಶಾನೆ ಆನೆ, ನೌಫತ್ ಆನೆಗಳಿಗೂ ಅವುಗಳದೇ ಕರ್ತವ್ಯವಿದೆ. ಹೊಸ ಆನೆಯನ್ನು ಮೊದಲ ವರ್ಷವೇ ಅಂಬಾರಿಯ ಕೆಳಗೆ ನಿಲ್ಲಿಸುವುದಿಲ್ಲ. ಅದು ಹಳಬರ ಸಾಲಿನಲ್ಲಿ ನಡೆದು ಕಲಿಯಬೇಕು.

ಇನ್ನು ತರಬೇತಿಯ ಕ್ರಮ. ಹುಣಸೂರು ಬಳಿಯ ವೀರನಹೊಸಹಳ್ಳಿಯಿಂದ ಗಜಪಯಣ ಆರಂಭವಾಗುತ್ತದೆ. ನಗರಕ್ಕೆ ಬಂದ ಆನೆಗಳನ್ನು ಮೊದಲು ತೂಕಕ್ಕೆ ಹಾಕುತ್ತಾರೆ. ಉದ್ದು, ಹೆಸರುಕಾಳು, ಗೋಧಿ, ಕುಸುಬಲಕ್ಕಿ, ತರಕಾರಿಗಳ ಪುಷ್ಟಿಕರ ಆಹಾರ ಶುರುವಾಗುತ್ತದೆ. ಮೊದಲಿಗೆ ಬರಿಬೆನ್ನಿನ ನಡಿಗೆ. ಇದು ರಸ್ತೆಯ ಪರಿಚಯಕ್ಕಾಗಿ. ಅನಂತರ ಮರಳಿನ ಮೂಟೆಗಳನ್ನು ಹೊರಿಸಿ, ದಿನದಿಂದ ದಿನಕ್ಕೆ ಭಾರ ಹೆಚ್ಚಿಸುತ್ತಾರೆ. ಆಮೇಲೆ ಮರದ ಅಂಬಾರಿಯ ಸರದಿ. ಭಾರದ ತಾಲೀಮನ್ನು ಒಂದೇ ಆನೆಗೆ ಮೀಸಲಿಡುವುದಿಲ್ಲ. ಪರ್ಯಾಯವಾಗಿ ಬೇರೆ ಆನೆಗಳಿಗೂ ಕೊಡುತ್ತಾರೆ. ಮಹೇಂದ್ರನೆಂಬ ಆನೆಗೆ ಶ್ರೀರಂಗಪಟ್ಟಣದ ದಸರೆಯಲ್ಲಿ ಮರದ ಅಂಬಾರಿ ಹೊತ್ತ ಅನುಭವವಿದೆ. ದೊಡ್ಡ ಪರೀಕ್ಷೆಗೆ ಮುನ್ನ ಚಿಕ್ಕ ಪರೀಕ್ಷೆ ಬರೆಸಿದಂತೆ ಇದು!

ಫಿರಂಗಿಯ ತಾಲೀಮು ಎಲ್ಲಕ್ಕಿಂತ ಸೂಕ್ಷ್ಮವಾದುದು. ಮನುಷ್ಯರ ಕಿವಿಗೆ ಕೇಳಿಸದಷ್ಟು ತಗ್ಗಿನ ದನಿಯನ್ನೂ ಆನೆ ಕೇಳಬಲ್ಲದು. ಅಂಥ ಪ್ರಾಣಿಯ ಸಮೀಪದಲ್ಲೇ ತೋಪು ಹಾರಿಸಿದರೆ ಹೇಗಿರಬೇಡ! ಆದ್ದರಿಂದ ಆನೆಗಳನ್ನು ಸಾಲಾಗಿ ನಿಲ್ಲಿಸಿ, ಮಾವುತರು ಜೊತೆಯಲ್ಲಿದ್ದು ಸಮಾಧಾನಪಡಿಸುತ್ತಾ, ಆ ಸದ್ದನ್ನು ರೂಢಿ ಮಾಡಿಸುತ್ತಾರೆ. ಹಳಬರು ಕದಲದೆ ನಿಂತಿದ್ದರೆ ಹೊಸಬರಿಗೆ ಧೈರ್ಯ. ಮಾವುತ ಮತ್ತು ಕಾವಾಡಿಗಳೇ ಇಲ್ಲಿ ನಿಜವಾದ ಗುರುಗಳು. ಇವರಲ್ಲಿ ಜೇನುಕುರುಬರು ಅನೇಕರಿದ್ದಾರೆ. ಅವರ ವಿದ್ಯೆ ಪುಸ್ತಕದ್ದಲ್ಲ, ಆನೆಯೊಡನೆ ಬಾಳಿ ಪಡೆದದ್ದು.

ಇಷ್ಟೆಲ್ಲ ಮಾಡಿದರೂ ಎಡವಟ್ಟುಗಳಾಗುವುದುಂಟು. 2024ರ ಸೆಪ್ಟೆಂಬರಿನ ಒಂದು ರಾತ್ರಿ ಧನಂಜಯ ಮತ್ತು ಕಂಜನ್ ಎಂಬ ಎರಡು ಆನೆಗಳ ನಡುವೆ ಜಗಳವಾಗಿ, ಕಂಜನ್ ಅರಮನೆಯ ದ್ವಾರ ದಾಟಿ ರಸ್ತೆಗೇ ಓಡಿತು. ಅದೃಷ್ಟವಶಾತ್ ಅನಾಹುತವಾಗಲಿಲ್ಲ. ಬಿಡಿಬಿಡಿಯಾಗಿ ಸಮರ್ಥರಾದವರನ್ನು ಒಂದೆಡೆ ಸೇರಿಸಿದ ಮಾತ್ರಕ್ಕೆ ತಂಡ ಸಿದ್ಧವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಕಥೆಗಳು ಸಾಮಾನ್ಯವಾಗಿ ಮರೆಯುವ ಇನ್ನೊಂದು ವಿಷಯವೆಂದರೆ ನಿವೃತ್ತಿ. ಅಂಬಾರಿ ಹೊತ್ತು ಹೆಸರಾಗಿದ್ದ ದ್ರೋಣ 1998ರಲ್ಲಿ ವಿದ್ಯುತ್ ಸ್ಪರ್ಶದಿಂದ ಸತ್ತಾಗ ಆ ಹೊಣೆಯನ್ನು ಬಲರಾಮ ವಹಿಸಿಕೊಂಡಿತು. 2012ರಿಂದ 2019ರವರೆಗೆ ಎಂಟು ಬಾರಿ ಅರ್ಜುನ, 2020ರಿಂದ 2025ರವರೆಗೆ ಅಭಿಮನ್ಯು ಅಂಬಾರಿ ಹೊತ್ತವು. ಅರವತ್ತು ದಾಟಿದ ಆನೆಗೆ ಹೆಚ್ಚಿನ ಭಾರ ಹೊರಿಸಬಾರದೆಂಬ ನಿಯಮದಂತೆ ಅರ್ಜುನನನ್ನು ಅಂಬಾರಿಯಿಂದ ಬಿಡುಗಡೆ ಮಾಡಲಾಗಿತ್ತು. ಆದರೆ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆ ಕಾರ್ಯಾಚರಣೆಗೆ ಕರೆದೊಯ್ದಿದ್ದಾಗ, ಸಲಗವೊಂದರೊಡನೆ ಕಾದಾಡಿ ಅರ್ಜುನ ಸತ್ತಿತು. ಅಂಬಾರಿಯ ಭಾರ ಇಳಿದಿತ್ತು, ದುಡಿಮೆ ಇಳಿದಿರಲಿಲ್ಲ. ವಯಸ್ಸಾದ ವೀರನನ್ನು ಮತ್ತೆ ಕಣಕ್ಕೆ ಇಳಿಸಬಹುದೇ ಎಂಬ ಪ್ರಶ್ನೆಯನ್ನು ಆಗ ನಾಡಿನ ಜನ ನೋವಿನಿಂದ ಕೇಳಿದರು.

ಕಥೆಯ ವೀರನಿಗೂ ಗಜಪಡೆಯ ಆನೆಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ವೀರ ತಾನಾಗಿಯೇ ತಂಡ ಸೇರುತ್ತಾನೆ, ಬೇಡವೆನಿಸಿದರೆ ಒಲ್ಲೆನೆನ್ನಬಲ್ಲ. ಆನೆ ಅರ್ಜಿ ಹಾಕಿ ಬಂದದ್ದಲ್ಲ, ಬಾಯಿಬಿಟ್ಟು ಒಲ್ಲೆನೆನ್ನಲೂ ಅದರಿಂದಾಗದು. ಅದರ ಪರವಾಗಿ ಸಾಕು ಎನ್ನಬೇಕಾದವರು ಆರಿಸಿದವರೇ.

ನಿಮ್ಮ ಶಾಲೆಯ ಕಬಡ್ಡಿ ತಂಡಕ್ಕೋ ನಾಟಕಕ್ಕೋ ಹೊಸಬರನ್ನು ಆರಿಸುವಾಗ ಇದನ್ನು ನೆನಪಿಗೆ ತಂದುಕೊಳ್ಳಿ. ಬಲವನ್ನು ಮಾತ್ರ ನೋಡದೆ ಗುಣವನ್ನೂ ನೋಡಿ; ಭಾರವನ್ನು ಮೆಲ್ಲಮೆಲ್ಲನೆ ಏರಿಸಿ; ಹೊಸಬರ ಪಕ್ಕದಲ್ಲಿ ಹಳಬರೊಬ್ಬರು ನಡೆಯಲಿ. ಮುಂದಿನ ದಸರೆಯಲ್ಲಿ ಅಂಬಾರಿಗೆ ಕೈಮುಗಿದ ಮೇಲೆ, ಸಾಲಿನ ಹಿಂದೆ ಅಂಜುತ್ತಾ ಹೆಜ್ಜೆಯಿಡುವ ಹೊಸ ಆನೆಯತ್ತಲೂ ಒಮ್ಮೆ ನೋಡಿ.