ಸಂಚಾರಿ ಕಮ್ಮಾರರ ವಿಶ್ವಕರ್ಮ ನೋಂದಣಿ: ಪಂಚಾಯತಿ ಪರಿಶೀಲನೆ

ಉತ್ತರ ಕರ್ನಾಟಕದ ಸಂತೆಗಳಲ್ಲಿ ತಿದಿ ಊದಿ ಕೊಡಲಿ, ಕುಡುಗೋಲುಗಳನ್ನು ಬಡಿದುಕೊಡುವ ಘಿಸಾಡಿ ಕುಟುಂಬಗಳು ಹಿಂದೆ ಎತ್ತಿನ ಬಂಡಿಯಲ್ಲಿ ಸಂಚರಿಸುತ್ತಿದ್ದವು. ಈಗ ಕೆಲವರಿಗೆ ಸರಕು ಟೆಂಪೋವೇ ಬಂಡಿ. ಅಡುಗೆ, ನಿದ್ರೆ, ಕುಲುಮೆಯ ಸಾಮಾನು ಎಲ್ಲವೂ ಅದರಲ್ಲಿಯೇ. ಇವರಿಗೆ ಕಸುಬು ಗೊತ್ತಿದೆ, ಬಂಡವಾಳವಿಲ್ಲ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ, ಬುಟ್ಟಿ, ಚಾಪೆ, ಪೊರಕೆ ತಯಾರಿಕೆಯೂ ಸೇರಿವೆ. ತರಬೇತಿಯ ಅವಧಿಯಲ್ಲಿ ದಿನಕ್ಕೆ 500 ರೂ. ಭತ್ಯೆ, ಸಲಕರಣೆಗೆ 15,000 ರೂ.ವರೆಗಿನ ಇ-ವೋಚರ್ ದೊರೆಯುತ್ತದೆ. ಜಾಮೀನಿಲ್ಲದೆ ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ ರೂ.ವರೆಗೆ ಸಾಲ ಲಭ್ಯ. ಅದನ್ನು 18 ತಿಂಗಳಲ್ಲಿ ತೀರಿಸಬೇಕು. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಅವಕಾಶ.

ಅರ್ಜಿಯನ್ನು ಸಾಮಾನ್ಯ ಸೇವಾ ಕೇಂದ್ರದಲ್ಲಿ ಸಲ್ಲಿಸಿದ ಬಳಿಕ ಮೊದಲ ಹಂತದ ಪರಿಶೀಲನೆ ಗ್ರಾಮ ಪಂಚಾಯತಿಯದು. ಅಡಚಣೆ ಉಂಟಾಗುವುದೂ ಇಲ್ಲಿಯೇ. ವಿಚಾರಣೆಗೆ ಹೋದ ದಿನ ಕುಟುಂಬವು ಬೇರೆ ಸಂತೆಯಲ್ಲಿದ್ದರೆ ‘ವಾಸವಿಲ್ಲ’ ಎಂದು ಷರಾ ಬರೆಯುವುದು ಸುಲಭ. ಆದರೆ ಊರೂರು ಅಲೆಯುವುದೇ ಕಸುಬಾದವರ ವಿಷಯದಲ್ಲಿ ಅಂಥ ಷರಾ ನ್ಯಾಯವೆನಿಸದು. ಅವರು ಮಳೆಗಾಲ ಕಳೆಯುವ ಊರು ಯಾವುದು, ಕುಲುಮೆ ನಡೆಸುವವರು ಯಾರು ಎಂಬುದನ್ನು ಸದಸ್ಯರು ವಿಚಾರಿಸಿ, ದೂರವಾಣಿಯಲ್ಲಿ ಕರೆಸಿ ನೋಡುವುದು ಯುಕ್ತ.

ಆಧಾರ್‌ನಲ್ಲಿ ಹಳೆಯ ವಿಳಾಸವಿದ್ದಲ್ಲಿ, ಪ್ರಾಧಿಕಾರದ ನಿಗದಿತ ನಮೂನೆಯಲ್ಲಿ ಪಂಚಾಯತಿ ಅಧ್ಯಕ್ಷರು ನೀಡುವ ಭಾವಚಿತ್ರಸಹಿತ ಪ್ರಮಾಣಪತ್ರವು ವಿಳಾಸದ ದಾಖಲೆಯಾಗಿ ಸಲ್ಲುತ್ತದೆ. ಪಡಿತರ ಚೀಟಿ ಇಲ್ಲದ ಕುಟುಂಬದವರು ಎಲ್ಲ ಸದಸ್ಯರ ಆಧಾರ್ ವಿವರ ನೀಡಿದರೆ ಸಾಕು.